ದಿನಾ ಮುದ್ದೆ ತಿನ್ನುವ ಅಮ್ಮನಿಗೆ ಮೂಳೆ ಮೆತ್ತಗಾಗಿದೆ ಅಂತಾರೆ, ಅದು ಹೇಗೆ?

ಗೂಡಿನ ಗಾಡಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಮನೆ ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ನಾನು ಟಾಟಾ ಏಸ್ ಓಡಿಸುತ್ತೇನೆ. ಸುತ್ತಮುತ್ತಲ ಹಳ್ಳಿಗಳ ರೇಷ್ಮೆ ಗೂಡನ್ನು ಮಾರ್ಕೆಟ್ಟಿಗೆ ಸಾಗಿಸುವುದು ನನ್ನ ಕೆಲಸ. ಹುಳ ಸಾಕುವುದು ಪೂರ್ತಿ ಅಮ್ಮನದು. ಅವಳಿಗೆ ಈಗ 54.

ಎರಡು ವರ್ಷದಿಂದ ಸೊಂಟ, ತೊಡೆ, ಪಕ್ಕೆ ನೋವು. ಮೊದಲು ಸೊಪ್ಪಿನ ಹೊರೆ ಹೊತ್ತಿದ್ದಕ್ಕೆ ಅಂದುಕೊಂಡೆವು. ಬರ್ತಾ ಬರ್ತಾ ನೆಲದಲ್ಲಿ ಕೂತರೆ ಏಳೋಕೇ ಆಗದ ಹಾಗಾಯಿತು. ಕೈಯೂರಿ, ಗೋಡೆ ಹಿಡಿದು ಏಳುತ್ತಾಳೆ. ನಡೆದರೆ ಬಾತುಕೋಳಿ ಥರ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಾಳೆ. ಪಕ್ಕೆಲುಬಿನ ಮೇಲೆ ಬೆರಳಿಟ್ಟು ಸ್ವಲ್ಪ ಒತ್ತಿದರೂ ಅಯ್ಯೋ ಅಂತಾಳೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಅಲ್ಲಿ "ಮೂಳೆ ಸವೆತ, ವಯಸ್ಸಾಯ್ತಲ್ಲ" ಅಂದರು. ನೋವಿಗೆ ಇಂಜೆಕ್ಷನ್, ನೋವಿನ ಮಾತ್ರೆ, ಆ ಮಾತ್ರೆಯಿಂದ ಹೊಟ್ಟೆ ಉರಿಯಬಾರದು ಅಂತ ಗ್ಯಾಸ್ ಮಾತ್ರೆ. ಎರಡು ವರ್ಷ ಇದೇ ನಡೆಯಿತು. ಒಂದು ಸಲವೂ ರಕ್ತ ಪರೀಕ್ಷೆ ಬರೆಯಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು.

ಹೋದ ವಾರ ಗೂಡಿನ ದುಡ್ಡು ಕೈಗೆ ಬಂತು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಬೇರೆ ಮೂಳೆ ಡಾಕ್ಟರಿಗೆ ತೋರಿಸಿದೆ. ರಿಪೋರ್ಟ್ ಹೀಗಿದೆ. ವಿಟಮಿನ್ ಡಿ 8.4. ಕ್ಯಾಲ್ಸಿಯಂ 8.2. ಫಾಸ್ಫರಸ್ 2.1. ಆಲ್ಕಲೈನ್ ಫಾಸ್ಫಟೇಸ್ 318. ಕಿಡ್ನಿ ನೋಡುವ ಕ್ರಿಯಾಟಿನಿನ್ ಸರಿ ಇದೆಯಂತೆ. ಎಕ್ಸ್‌ರೇಯಲ್ಲಿ ತೊಡೆ ಮೂಳೆ ಸೊಂಟಕ್ಕೆ ಸೇರುವ ಕಡೆ ಕೂದಲೆಳೆಯಷ್ಟು ಒಂದು ಗೆರೆ. ಡಾಕ್ಟರು ಇದು ಸವೆತ ಅಲ್ಲ, ಆಸ್ಟಿಯೋಮಲೇಶಿಯಾ, ಮೂಳೆ ಮೆತ್ತಗಾಗಿದೆ ಅಂದರು. ವಾರಕ್ಕೊಂದರಂತೆ 8 ವಾರ ವಿಟಮಿನ್ ಡಿ ಪುಡಿ ಪ್ಯಾಕೆಟ್ಟು, ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ. ಭಾರ ಎತ್ತಬಾರದು, ಕೋಲು ಹಿಡಿದೇ ನಡೆಯಬೇಕು.

ಹೊರಗೆ ಜನ ಕಾಯ್ತಾ ಇದ್ದರು, ಜಾಸ್ತಿ ಕೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಸ್ಕೂಲಿನಲ್ಲೇ ಓದಿದ್ದೇವೆ. ದಿನಾ ಮುದ್ದೆ ತಿನ್ನುವವಳಿಗೆ ಇದು ಬಂದಿದ್ದು ಹೇಗೆ? ಡಿ ಅಂದರೆ ಬಿಸಿಲಿನ ವಿಟಮಿನ್, ಅದು ಕಡಿಮೆ ಅಂದರೆ ಅಮ್ಮ ನಗುತ್ತಾಳೆ. "ಬಿಸಿಲಲ್ಲೇ ಹುಟ್ಟಿ ಬೆಳೆದವಳು, ನನಗೆ ಬಿಸಿಲು ಸಾಲದಾ?" ಅಂತಾಳೆ. ಊರಲ್ಲಿ ಕೆಲವರು ಇದು ಬೋರ್ ನೀರಿನ ಫ್ಲೋರೈಡು, ಮಾತ್ರೆ ದಂಡ ಅಂತಿದ್ದಾರೆ. ನಮ್ಮ ಬೋರು 1,200 ಅಡಿ. ಬೆಂಗಳೂರಿನಲ್ಲಿರುವ ಮಾವ, ವರ್ಷಕ್ಕೊಂದು ಇಂಜೆಕ್ಷನ್ ಇದೆ, ಅದನ್ನು ಹಾಕಿಸಿಬಿಟ್ಟರೆ ತಲೆನೋವೇ ಇಲ್ಲ ಅಂತಾರೆ. ಯಾರ ಮಾತು ಕೇಳಲಿ?

ಮಾಲೂರು ಹುಡುಗ

ಅಣ್ಣ, ಗೋಧಿಕಾಳಿನಷ್ಟು ಸುಣ್ಣ ದಿನಾ ಮಜ್ಜಿಗೆಯಲ್ಲಿ ಕಲಸಿ ಕುಡಿಸಿ. ನಮ್ಮಜ್ಜಿ ಎಲೆ ಅಡಿಕೆಗೆ ಸುಣ್ಣ ಹಾಕ್ಕೊಂಡೇ 90 ವರ್ಷ ಬಾಳಿದರು. ವಾಟ್ಸಾಪಲ್ಲೂ ಬಂದಿತ್ತು.

ಲ್ಯಾಬ್ ಅಕ್ಕ, ಕೋಲಾರ

ಮೊದಲು ಸುಣ್ಣ. ತಮ್ಮಾ, ಸುಣ್ಣದಲ್ಲಿ ಕ್ಯಾಲ್ಸಿಯಂ ಇರೋದು ನಿಜ. ಆದರೆ ಬೆರಳ ತುದಿಯಲ್ಲಿ ಎಷ್ಟು ಬಂತು ಅಂತ ಯಾರು ಅಳೆಯುತ್ತಾರೆ? ಜಾಸ್ತಿಯಾದರೆ ಬಾಯಿ, ಗಂಟಲು ಸುಡುತ್ತೆ. ಅದಿರಲಿ, ಈ ಅಮ್ಮನ ತೊಂದರೆಯೇ ಕ್ಯಾಲ್ಸಿಯಂ ಒಳಗೆ ಹೋಗದಿರುವುದು. ಸುಣ್ಣ ಕೊಟ್ಟರೆ ಅದೂ ಹೊರಗೇ ನಿಲ್ಲುತ್ತೆ. ನಿಮ್ಮಜ್ಜಿ ಹೊಲದ ಬಿಸಿಲಲ್ಲಿ ಬಾಳಿದವರು ಇರಬೇಕು, ಅಲ್ವಾ?

ಈಗ ಗೂಡಿನ ಗಾಡಿಯವರಿಗೆ. ನಾನು 19 ವರ್ಷದಿಂದ ಲ್ಯಾಬಿನಲ್ಲಿ ರಕ್ತ ನೋಡ್ತಾ ಇದ್ದೇನೆ. ಡಾಕ್ಟರಲ್ಲ. ಔಷಧಿ ವಿಚಾರ ನಿಮ್ಮ ಡಾಕ್ಟರದೇ ಕೊನೆ ಮಾತು. ರಿಪೋರ್ಟ್ ಏನು ಹೇಳುತ್ತಿದೆ ಅನ್ನೋದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಮೂಳೆ ನೋವಿಗೆಲ್ಲ ಒಂದೇ ಹೆಸರು, ಸವೆತ. ಮಂಡಿ ಚಿಪ್ಪಿನ ಕೆಳಗಿನ ಮೃದ್ವಸ್ಥಿ ಸವೆದರೂ ಸವೆತ, ಬೆನ್ನುಮೂಳೆ ಟೊಳ್ಳಾದರೂ ಸವೆತ, ಮೂಳೆ ಮೆತ್ತಗಾದರೂ ಸವೆತ. ಆ ಒಂದು ಪದ ಕಿವಿಗೆ ಬಿದ್ದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ. ನನಗೆ ಆ ಪದ ಕಂಡರೇ ಆಗದು.

ಗೋಡೆ ಅಂತ ಇಟ್ಟುಕೊಳ್ಳಿ. ಮೂಳೆಯ ಚೌಕಟ್ಟು ಪ್ರೋಟೀನಿನದು. ಅದರೊಳಗೆ ತುಂಬಿಕೊಳ್ಳುವ ಗಾರೆ ಕ್ಯಾಲ್ಸಿಯಂ ಮತ್ತು ಫಾಸ್ಫರಸ್ಸು ಸೇರಿ ಆದದ್ದು. ಆಸ್ಟಿಯೋಪೊರೋಸಿಸ್‌ನಲ್ಲಿ (ಮೂಳೆ ಟೊಳ್ಳಾಗುವ ಕಾಯಿಲೆ) ಗೋಡೆಯೇ ತೆಳ್ಳಗಾಗಿರುತ್ತೆ, ಆದರೆ ಇರುವಷ್ಟು ಗಟ್ಟಿ ಗೋಡೆ. ಮುರಿಯುವ ತನಕ ಸಾಮಾನ್ಯವಾಗಿ ನೋವೂ ಇರಲ್ಲ, ಕ್ಯಾಲ್ಸಿಯಂ, ಫಾಸ್ಫರಸ್ ಸಾಧಾರಣವಾಗಿ ಸರಿಯಾಗೇ ಬರುತ್ತೆ. ನಿಮ್ಮ ಅಮ್ಮನದು ಬೇರೆ. ಚೌಕಟ್ಟು ನಿಂತಿದೆ, ಗಾರೆ ಗಟ್ಟಿಯಾಗಿಲ್ಲ. ಹಸಿ ಗೋಡೆ. ಮೈಭಾರ ಬಿದ್ದ ಕಡೆಯೆಲ್ಲ ನೋಯುತ್ತೆ, ಒತ್ತಿದರೆ ನೋಯುತ್ತೆ. ಎಕ್ಸ್‌ರೇಯ ಆ ಗೆರೆಯೂ ಹಾಗೇ ಬಂದದ್ದು. ಅದು ಪೂರ್ತಿ ಮುರಿತ ಅಲ್ಲ, ಭಾರ ಬಿದ್ದು ಬಿದ್ದು ಬಿರುಕು ಬಿಟ್ಟು, ಕೂಡಿಕೊಳ್ಳೋಕೆ ಗಾರೆ ಸಿಗದೆ ಹಾಗೇ ಉಳಿದಿರೋದು. ಕೋಲು ಹಿಡೀರಿ ಅಂದದ್ದು ಸುಮ್ನೆ ಅಲ್ಲ. ಆ ಜಾಗದಲ್ಲಿ ಪೂರ್ತಿ ಮುರಿದರೆ ಆಪರೇಷನ್ ಆಗುತ್ತೆ.

ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಾಗಾಗಿ ಸ್ಕೂಲಿನಲ್ಲಿ ಓದಿದ್ದು ಸುಳ್ಳಲ್ಲ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಆದರೆ ಬಾಯಿಗೆ ಹೋದದ್ದೆಲ್ಲ ರಕ್ತಕ್ಕೆ ಹೋಗಲ್ಲ. ಮೈಯಲ್ಲಿ ವಿಟಮಿನ್ ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಭಾಗ ಕರುಳು ಒಳಗೆ ತೆಗೆದುಕೊಳ್ಳುತ್ತೆ. ಡಿ ಇಲ್ಲದಿದ್ದರೆ 10ರಿಂದ 15. ಉಳಿದದ್ದು ಬೆಳಗ್ಗೆ ಹೊರಗೆ. 20ಕ್ಕಿಂತ ಕಡಿಮೆ ಇದ್ದರೇ ಕೊರತೆ ಅಂತೀವಿ, ನಿಮ್ಮ ಅಮ್ಮನದು 8. ರಾಗಿಯಲ್ಲಿ ಫೈಟೇಟ್ ಅಂತ ಇನ್ನೊಂದಿದೆ, ಅದೂ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ನೆನೆಸಿ ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತೆ. ಮಗುವಿಗೆ ಸರಿ ಹಿಟ್ಟಿಗೆ ಮೊಳಕೆ ಕಟ್ಟುತ್ತಿದ್ದ ನಮ್ಮ ಅಜ್ಜಿಯರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಕರುಳಿನಿಂದ ಕ್ಯಾಲ್ಸಿಯಂ ಬರದಿದ್ದರೆ ದೇಹ ಸುಮ್ಮನೆ ಕೂರಲ್ಲ. ಹೃದಯ ಬಡಿಯೋಕೆ, ಮಾಂಸಖಂಡ ಆಡೋಕೆ ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿ ಇವೆ, ಪ್ಯಾರಾಥೈರಾಯ್ಡ್ ಅಂತ. ಅವು ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಮೂಳೆಯಲ್ಲೇ ಇರೋದು, ಬೇರೆ ಎಲ್ಲಿಂದ ತರುತ್ತವೆ? ಅದೇ ಹೊತ್ತಿಗೆ ಫಾಸ್ಫರಸ್ಸನ್ನು ಮೂತ್ರದಲ್ಲಿ ಹೊರಗೆ ಬಿಡುತ್ತವೆ. ನಿಮ್ಮ ಕ್ಯಾಲ್ಸಿಯಂ ಸ್ವಲ್ಪವೇ ಕಡಿಮೆ, ಫಾಸ್ಫರಸ್ ಚೆನ್ನಾಗಿ ಕಡಿಮೆ ಬಂದಿರೋದು ಅದಕ್ಕೆ. ಆಲ್ಕಲೈನ್ ಫಾಸ್ಫಟೇಸ್ 318 ಅಂದರೆ, ಮೂಳೆ ಕಟ್ಟುವ ಜೀವಕೋಶಗಳು ಗಾರೆಯಿಲ್ಲದೆ ಬರೀ ಚೌಕಟ್ಟು ಕಟ್ಟಿ ಕಟ್ಟಿ ಸುಸ್ತಾಗಿವೆ ಅಂತ. ನಮ್ಮ ಲ್ಯಾಬಿನಲ್ಲಿ 120ರವರೆಗೆ ಸರಿ ಅಂತ ಬರೆಯುತ್ತೇವೆ. ನಾಲ್ಕೂ ಅಂಕಿ ಒಟ್ಟಿಗೆ ನೋಡಿದರೆ ನಿಮ್ಮ ಹೊಸ ಡಾಕ್ಟರು ಹೇಳಿದ್ದಕ್ಕೆ ಸರಿಹೊಂದುತ್ತೆ. ಡಿ ಪರೀಕ್ಷೆ ಒಂದೇ ದುಬಾರಿ, ಉಳಿದ ಮೂರು ಅಗ್ಗ. ಆ ಮೂರನ್ನು ಎರಡು ವರ್ಷ ಹಿಂದೆಯೇ ಮಾಡಿಸಿದ್ದರೆ ಅಂತ ಹೊಟ್ಟೆ ಉರಿಯುತ್ತೆ.

ನೆಲದಿಂದ ಏಳೋಕಾಗದಿರೋದು, ವಾಲುವ ನಡಿಗೆ, ಇವಕ್ಕೆ ಮೂಳೆ ಒಂದೇ ಕಾರಣ ಅಲ್ಲ. ಡಿ ಕಡಿಮೆಯಾದರೆ ಸೊಂಟ, ತೊಡೆಯ ಮಾಂಸಖಂಡವೂ ಬಲ ಕಳೆದುಕೊಳ್ಳುತ್ತೆ.

ಬಿಸಿಲು. ಅಮ್ಮನ ಪ್ರಶ್ನೆ ಸರಿಯಾಗೇ ಇದೆ. ಉತ್ತರ ಹುಳದ ಮನೆಯಲ್ಲಿದೆ ಅನಿಸುತ್ತೆ. ನನ್ನ ತವರೂ ಹುಳದ ಮನೆಯೇ. ಸೊಪ್ಪು ಕೊಯ್ಯೋದು ತಂಪು ಹೊತ್ತಲ್ಲಿ, ಬೆಳಗಾಗುತ್ತಲೇ ಒಂದು ಸಲ, ಸಂಜೆ ಒಂದು ಸಲ. ಬಿಸಿಲೇರಿದ ಮೇಲೆ ಒಳಗೆ. ಕಿಟಕಿಗೆ ಬಲೆ, ಬಲೆಗೆ ಒದ್ದೆ ಗೋಣಿ. ಹುಳಕ್ಕೆ ತಂಪು ಬೇಕು, ಮಬ್ಬು ಬೇಕು. ಹುಳದ ಜೊತೆ ಮನುಷ್ಯರೂ ಮಬ್ಬಲ್ಲೇ ಇರ್ತಾರೆ. ಚರ್ಮ ಡಿ ತಯಾರಿಸೋಕೆ ಬೇಕಾದ ಕಿರಣ ಬೆಳಗ್ಗೆ ಏಳಕ್ಕೂ ಸಂಜೆ ಐದಕ್ಕೂ ನೆಲ ತಲುಪೋದು ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡ ಇರಬೇಕು, ಆ ಹೊತ್ತಿನ ಬಿಸಿಲು ಕೆಲಸಕ್ಕೆ ಬರುತ್ತೆ. ಅಂದರೆ ಹತ್ತು ಹತ್ತೂವರೆಯಿಂದ ಮೂರರವರೆಗೆ. ಗಾಜಿನ ಕಿಟಕಿ ಮುಂದೆ ಕೂತರೆ ಪ್ರಯೋಜನವಿಲ್ಲ, ಆ ಕಿರಣವನ್ನು ಗಾಜು ತಡೆಯುತ್ತೆ. ನಮ್ಮ ಕಪ್ಪು ಚರ್ಮಕ್ಕೆ ಹೊತ್ತೂ ಜಾಸ್ತಿ ಬೇಕು.

ಇನ್ನೊಂದು. ಎರಡು ವರ್ಷ ಗ್ಯಾಸ್ ಮಾತ್ರೆ ಅಂದಿರಲ್ಲ, ಅದನ್ನು ಈಗಿನ ಡಾಕ್ಟರಿಗೆ ಹೇಳಿದಿರಾ? ಹೊಟ್ಟೆಯಲ್ಲಿ ಆಮ್ಲ ಇಲ್ಲದಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಸರಿಯಾಗಿ ಕರಗಲ್ಲ. ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ಮೆಗ್ನೀಸಿಯಂ ಇಳಿಯುತ್ತೆ. ಮೆಗ್ನೀಸಿಯಂ ತೀರಾ ಇಳಿದರೆ ಆಗ ಹೇಳಿದ ನಾಲ್ಕು ಗ್ರಂಥಿಯೂ ಸರಿಯಾಗಿ ಕೆಲಸ ಮಾಡಲ್ಲ, ಡಿ ಎಷ್ಟು ಕೊಟ್ಟರೂ ಕ್ಯಾಲ್ಸಿಯಂ ಏರಲ್ಲ. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಕಾರ್ಬೊನೇಟ್ ಮಾತ್ರೆ ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಗೆ ಬೇಡ. ಡಿ ಪುಡಿಯನ್ನು ಹಾಲಿಗೆ ಹಾಕಿ ಕೊಡಿ, ಕೊಬ್ಬಿನಂಶ ಇದ್ದರೆ ಚೆನ್ನಾಗಿ ಹತ್ತುತ್ತೆ.

ಫ್ಲೋರೈಡ್ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಮೇಷ್ಟ್ರೇ, ಇದ್ದೀರಾ?

ಪಾವಗಡದ ಮೇಷ್ಟ್ರು

ಇದ್ದೀನಮ್ಮ. ಕನ್ನಡಕ ಹುಡುಕ್ತಾ ಇದ್ದೆ.

ನೋಡಪ್ಪ ಗೂಡಿನ ಗಾಡಿ, ಫ್ಲೋರೈಡು ಅಂದ್ರೆ ನಮ್ಮೂರಿನ ಆಸ್ತಿ. ನಾನು 31 ವರ್ಷ ಮೇಷ್ಟ್ರಾಗಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಹಲ್ಲು ನೋಡಿ, ಹಲ್ಲುಜ್ಜದೆ ಬರ್ತೀಯಾ ಅಂತ ಇಡೀ ಕ್ಲಾಸಿನ ಮುಂದೆ ಬೈದಿದ್ದೆ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಅವನು ಏನೂ ಹೇಳಲಿಲ್ಲ, ತಲೆ ತಗ್ಗಿಸಿ ನಿಂತ. ಆಮೇಲೆ ನೋಡಿದರೆ ಅದೇ ಬೀದಿಯ ಅರ್ಧ ಮಕ್ಕಳ ಹಲ್ಲು ಹಾಗೇ. ಎಲ್ಲರದೂ ಒಂದೇ ಬೋರಿನ ನೀರು. ಆ ಹುಡುಗನಿಗೆ ಈಗ ಮಕ್ಕಳಿದ್ದಾರೆ. ಸಿಕ್ಕಾಗಲೆಲ್ಲ ನನಗೆ ಅದೇ ನೆನಪು.

ನಮ್ಮಲ್ಲಿ ನೆಲದ ಕೆಳಗೆ ಗ್ರಾನೈಟು. ಆ ಕಲ್ಲಿನ ಖನಿಜಗಳಲ್ಲೇ ಫ್ಲೋರೈಡ್ ಇರುತ್ತೆ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಇದೇ ಕಲ್ಲಿನ ಸೀಮೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ನಮ್ಮ ದೇಶದಲ್ಲಿ ಫ್ಲೋರೈಡಿನಿಂದ ಬರುವ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ.

ಆದರೆ ನಿಮ್ಮ ಅಮ್ಮನ ಲಕ್ಷಣ ಕೇಳಿದರೆ ಬರೀ ಫ್ಲೋರೈಡ್ ಅನಿಸೋದಿಲ್ಲ. ನಮ್ಮ ಅಣ್ಣನಿಗೆ ಇತ್ತಲ್ಲ, ಅದನ್ನು ಹೇಳ್ತೀನಿ. ಅವನದು ಬಿಗಿತ. ಕುತ್ತಿಗೆ ತಿರುಗದು, ಬೆನ್ನು ಬಾಗದು. ಯಾರಾದರೂ ಹಿಂದಿನಿಂದ ಕೂಗಿದರೆ ಇಡೀ ಮೈ ತಿರುಗಿಸಿ ನೋಡ್ತಿದ್ದ. ಮಳೆ ಮೋಡ ನೋಡಬೇಕಾದರೆ ಮಂಚದ ಮೇಲೆ ಮಲಗಬೇಕಿತ್ತು. ಅವನ ಎಕ್ಸ್‌ರೇಯಲ್ಲಿ ಮೂಳೆ ಸೀಮೆಸುಣ್ಣದ ಹಾಗೆ ಬೆಳ್ಳಗೆ. ಮುಂಗೈಯ ಎರಡು ಮೂಳೆ ನಡುವಿನ ಪೊರೆಗೂ ಸುಣ್ಣ ಕಟ್ಟಿತ್ತು. ಫ್ಲೋರೈಡ್ ಮೂಳೆಯನ್ನು ದಪ್ಪ ಮಾಡುತ್ತೆ, ಗಟ್ಟಿ ಮಾಡಲ್ಲ. ನಿಮ್ಮ ಡಾಕ್ಟರು ಎಕ್ಸ್‌ರೇಯಲ್ಲಿ ಇಂಥದ್ದೇನಾದರೂ ಇದೆಯಾ ಅಂತ ನೋಡಿರ್ತಾರೆ. ಮುಂದಿನ ಸಲ ಒಂದು ಮಾತು ಕೇಳಿ.

ಹಾಗಂತ ನೀರನ್ನು ಮರೆಯಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೈದ್ಯರು 1973ರಲ್ಲೇ ಬರೆದಿದ್ದಾರೆ, ಫ್ಲೋರೈಡ್ ನೀರಿನ ಊರುಗಳಲ್ಲಿ ಮಂಡಿ ಒಳಕ್ಕೆ ಬಾಗಿದ ಹುಡುಗರ ಬಗ್ಗೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಅದೇ ನೀರು ಜಾಸ್ತಿ ಕೇಡು ಮಾಡುತ್ತೆ. ಮಾತ್ರೆ ದಂಡ ಅಂದವರಿಗೆ ಇದನ್ನು ಹೇಳಿ. ಎರಡೂ ಇದ್ದರೆ ಎರಡನ್ನೂ ನೋಡಬೇಕು.

ಅಮ್ಮನ ಹಲ್ಲು ಬೆಳ್ಳಗಿದೆ, ಹಾಗಾಗಿ ನೀರು ಚೆನ್ನಾಗಿದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಹಲ್ಲಿನ ಗೆರೆ ಬೀಳುವುದು ಚಿಕ್ಕಂದಿನಲ್ಲಿ, ಒಸಡಿನೊಳಗೆ ಹಲ್ಲು ತಯಾರಾಗುವ ಕಾಲದಲ್ಲಿ. ಅವರು ಬೇರೆ ಊರಿಂದ ಮದುವೆಯಾಗಿ ಬಂದಿದ್ದರೆ ಹಲ್ಲಿನಲ್ಲಿ ಏನೂ ಕಾಣಲ್ಲ. ನಿಮ್ಮ ಹಲ್ಲು ನೋಡಿಕೊಳ್ಳಿ. ನಿಮ್ಮ ಬೀದಿ ಮಕ್ಕಳ ಹಲ್ಲು ನೋಡಿ.

ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಜಾಸ್ತಿಯಾಗುತ್ತೆ. ಶುದ್ಧ ನೀರಿನ ಘಟಕದ ಆರ್‌ಒ ತೆಗೆಯುತ್ತೆ. ಆದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ತೆಗೆದುಬಿಡುತ್ತೆ, ಅದನ್ನು ಊಟದಲ್ಲಿ ತುಂಬಿಕೊಳ್ಳಬೇಕು. ಕ್ಯಾನ್ ನೀರು ಕುಡಿದು, ಮುದ್ದೆಗೆ ಎಸರು ಮಾತ್ರ ಬೋರ್ ನೀರು ಇಡುವ ಮನೆಗಳು ಬಹಳ. ಹಿಟ್ಟಿನ ಜೊತೆ ಅದೂ ಹೊಟ್ಟೆಗೇ ತಾನೇ ಹೋಗೋದು? ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ದಿನಕ್ಕೆ ಆರು ಲೋಟ ಕಪ್ಪು ಟೀ ಕುಡಿಯುವವರು ಅದನ್ನೂ ಲೆಕ್ಕಕ್ಕಿಡಬೇಕು.

ಬಿಸಿಲಿನ ಮಾತು ಬಂತಲ್ಲ. ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕು 2,050 ಮೆಗಾವ್ಯಾಟು. ಬಿಸಿಲು ಹಿಡಿದು ಊರೂರಿಗೆ ಕರೆಂಟ್ ಕಳಿಸುವ ಸೀಮೆ ನಮ್ಮದು. ಇಲ್ಲಿ ನನ್ನ ಸೊಸೆಗೆ ಡಿ 11 ಬಂದಿದೆ!

ಗೂಡಿನ ಗಾಡಿ, ಶಿಡ್ಲಘಟ್ಟ

ಅಕ್ಕ, ಮೇಷ್ಟ್ರೇ, ಎರಡು ಸಲ ಓದಿದೆ. ರಾತ್ರಿ ಅಮ್ಮನಿಗೂ ಓದಿ ಹೇಳಿದೆ.

ಹುಳದ ಮನೆ ಮಾತಿಗೆ ಅಮ್ಮ ಸುಮ್ಮನಾದಳು. ಆಮೇಲೆ ಅವಳೇ ಲೆಕ್ಕ ಹಾಕಿದಳು. ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಗೆ ನಾವು ಜ್ವರ ಅಂತೀವಿ) ಎದ್ದ ಮೇಲೆ ಸೊಪ್ಪು ಹಾಕಿ ಹಾಕಿ ನಿದ್ದೆಯೂ ಇರಲ್ಲ, ಮಧ್ಯಾಹ್ನದ ಬಿಸಿಲು ಕಂಡು ಎಷ್ಟು ದಿನ ಆಯ್ತೋ ಅಂದಳು. ಒಂದು ಬೆಳೆ ಮುಗಿದು ಹತ್ತು ಹದಿನೈದು ದಿನಕ್ಕೆ ಇನ್ನೊಂದು ಚಾಕಿ, ಅಂದರೆ ಮರಿಹುಳ, ತರ್ತೀವಿ.

ಇನ್ನೊಂದು ನಾಚಿಕೆಯ ವಿಷಯ. ದಿನಾ ಮುದ್ದೆ ಅಂತ ಬರೆದೆನಲ್ಲ, ಅದು ನನ್ನ ತಟ್ಟೆಯ ಲೆಕ್ಕ. ಅಮ್ಮ ಬೆಳಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ ಎರಡು ತುತ್ತು ತಿಂತಾಳೆ. ಮಧ್ಯಾಹ್ನ ಅರ್ಧ ಮುದ್ದೆ. ರಾತ್ರಿ ಉಳಿದ ಅನ್ನಕ್ಕೆ ಸಾರು. ಎರಡು ಸೀಮೆ ಹಸು ಇವೆ, ದಿನಕ್ಕೆ 16 ಲೀಟರ್ ಡೈರಿಗೆ ಹಾಕುತ್ತೇವೆ. ಮನೆಗೆ ಉಳಿಯೋದು ಟೀಗೆ ಕಾಲು ಲೀಟರ್. ಮಜ್ಜಿಗೆ ಕಡೆದು ಎಷ್ಟು ವರ್ಷ ಆಯ್ತೋ. ಹಾಲಿನ ಸೀಮೆಯವರು ಅಂತ ಹೇಳಿಕೊಳ್ತೀವಿ ಬೇರೆ.

ಅಮ್ಮನ ತವರು ಗೌರಿಬಿದನೂರು ಕಡೆ, ಹಲ್ಲು ಚೆನ್ನಾಗಿದೆ. ಕನ್ನಡಿ ಮುಂದೆ ನನ್ನ ಹಲ್ಲು ನೋಡಿಕೊಂಡೆ. ಮುಂದಿನ ಎರಡರಲ್ಲಿ ಬಿಳಿ ಮಚ್ಚೆ, ಅಂಚಿನಲ್ಲಿ ಸ್ವಲ್ಪ ಕಂದು. ಇಷ್ಟು ದಿನ ಅದು ಟೀ ಕರೆ ಅಂತ ಬ್ರಷ್ ಹಾಕಿ ಉಜ್ಜುತ್ತಿದ್ದೆ. ನೀರು ಪರೀಕ್ಷೆಗೆ ಪಂಚಾಯ್ತಿಯಲ್ಲಿ ಕೇಳಿದ್ದೇನೆ.

ಮಾವ ಹೇಳಿದ ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಮೆಡಿಕಲ್ ಸ್ಟೋರಲ್ಲಿರುವ ನನ್ನ ಸ್ನೇಹಿತ, ವಾರಕ್ಕೊಂದು ಯಾವ ಮೂಲೆಗೆ, ದಿನಾ ಒಂದು ಪ್ಯಾಕೆಟ್ ಕೊಡು ಬೇಗ ಏರುತ್ತೆ ಅಂತಾನೆ. ನನ್ನ ಹೆಂಡತಿ ಏಳು ತಿಂಗಳ ಬಸುರಿ. ಇದೇ ಮನೆ, ಇದೇ ನೀರು, ಇದೇ ಊಟ. ಅದೊಂದು ಹೆದರಿಕೆ ಹೊಸದಾಗಿ ಶುರುವಾಗಿದೆ.

ಲ್ಯಾಬ್ ಅಕ್ಕ, ಕೋಲಾರ

ಸ್ನೇಹಿತನಿಗೆ ದೊಡ್ಡ ನಮಸ್ಕಾರ ಹೇಳಿ, ಮಾತು ಮಾತ್ರ ಕೇಳಬೇಡಿ. ಆ ಒಂದು ಪ್ಯಾಕೆಟ್ 60,000 ಯೂನಿಟ್ಟು. ಡಿ ನೀರಲ್ಲಿ ಕರಗಿ ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಸೇರಿ ಕೂರುತ್ತೆ. ಹಿಂದೊಮ್ಮೆ ಒಬ್ಬರು ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಅಂತ ಬಂದಿದ್ದರು. ಕ್ಯಾಲ್ಸಿಯಂ 13 ಬಂತು. ಮಷೀನೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸಲ ಹಾಕಿದೆ, ಮತ್ತೆ 13. ಕೇಳಿದರೆ ಮೂರು ತಿಂಗಳು ದಿನಾ ಪ್ಯಾಕೆಟ್ ತಗೊಂಡಿದ್ದರು, ಯಾರೋ ಹೇಳಿದರಂತೆ. ಕಿಡ್ನಿಗೆ ಪೆಟ್ಟು ಬಿದ್ದಿತ್ತು.

ವರ್ಷಕ್ಕೊಂದು ಇಂಜೆಕ್ಷನ್ ಇರೋದು ಆಸ್ಟಿಯೋಪೊರೋಸಿಸ್‌ಗೆ. ಒಳ್ಳೆಯ ಔಷಧಿಯೇ. ಆದರೆ ಅದು ಮಾಡೋದು ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರೋದನ್ನು ತಡೆಯೋ ಕೆಲಸ. ನಿಮ್ಮ ಅಮ್ಮ ಈಗ ಆ ಮೂಳೆಯಿಂದ ಎಳೆದುಕೊಂಡೇ ದಿನ ದೂಡುತ್ತಿದ್ದಾರೆ. ಡಿ ಸರಿಮಾಡದೆ ಅದನ್ನು ಹಾಕಿಸಿದರೆ ರಕ್ತದ ಕ್ಯಾಲ್ಸಿಯಂ ಧಡ್ ಅಂತ ಕುಸಿಯುತ್ತೆ. ಕೈಕಾಲು ಸೆಟೆದುಕೊಳ್ಳಬಹುದು, ಫಿಟ್ಸ್ ಬರಬಹುದು. ಮಾವನಿಗೆ ಇದನ್ನೇ ಹೇಳಿ. ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದರೆ ಎರಡೂ ಕಾಯಿಲೆಯಲ್ಲಿ ಕಡಿಮೆಯೇ ಬರುತ್ತೆ, ಅದೊಂದನ್ನೇ ನೋಡಿ ತೀರ್ಮಾನ ಮಾಡೋಕಾಗಲ್ಲ.

ಟಿವಿಯಲ್ಲಿ ಬರುವ ಮೂಳೆ ಪುಡಿ ಡಬ್ಬಗಳಿಗೆ ದುಡ್ಡು ಹಾಕಬೇಡಿ. ಮೂಳೆಗೆ ಬೇಕಾದ ಪ್ರೋಟೀನು ಹುರುಳಿಕಾಳಲ್ಲಿದೆ, ಮೊಟ್ಟೆಯಲ್ಲಿದೆ. ವಿಟಮಿನ್ ಕೆ ಸೊಪ್ಪಿನಲ್ಲಿ, ಸಿ ಸೀಬೆ, ನೆಲ್ಲಿಕಾಯಲ್ಲಿ. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಪಾಲಕ್‌ನಲ್ಲೂ ಇದೆ, ಆದರೆ ಅದರೊಳಗಿನ ಆಕ್ಸಲೇಟ್ ಅನ್ನೋದು ಅದನ್ನು ಮೈಗೆ ಹತ್ತೋಕೆ ಬಿಡಲ್ಲ. ಅರ್ಧ ಲೀಟರ್ ಹಾಲು ಮನೆಗೆ ಇಟ್ಟುಕೊಂಡರೆ 600 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಬಂತು. ಕೊಟ್ಟಿಗೆಯಲ್ಲೇ ಇದೆ ನೋಡಿ.

ಆಶಾ, ಚಿಂತಾಮಣಿ ತಾಲ್ಲೂಕು

ಹೆಂಡತಿ ವಿಚಾರಕ್ಕೆ ಹೆದರಬೇಡಿ ಅಣ್ಣ, ನಿಮ್ಮೂರಿನ ಆಶಾ ಕಾರ್ಯಕರ್ತೆ ಹತ್ತಿರ ಹೇಳಿ. ನಾಲ್ಕನೇ ತಿಂಗಳಿಂದಲೇ ಬಸುರಿಯರಿಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಸರ್ಕಾರದಿಂದಲೇ ಕೊಡ್ತೀವಿ, ಒಂದೊಂದು 500 ಮಿಲಿಗ್ರಾಂ. ಹೆರಿಗೆ ಆದ ಮೇಲೂ ಆರು ತಿಂಗಳು. ಅದರಲ್ಲೇ ಸ್ವಲ್ಪ ಡಿ ಕೂಡ ಇರುತ್ತೆ. ಅವರು ತಗೋತಿದ್ದಾರಾ ಅಂತ ಕೇಳಿ. ಕೊಟ್ಟ ಮಾತ್ರೆ ಡಬ್ಬದಲ್ಲೇ ಇರುವ ಮನೆ ನಾನು ಎಷ್ಟೋ ನೋಡಿದ್ದೇನೆ. "ಕ್ಯಾಲ್ಸಿಯಂ ತಿಂದರೆ ಮಗು ತಲೆ ಗಟ್ಟಿಯಾಗಿ ಹೆರಿಗೆ ಕಷ್ಟ" ಅಂತ ಅತ್ತೆಯಂದಿರು ಹೇಳೋದಿದೆ. ಅದು ಸುಳ್ಳು.

ಒಂದೇ ಒಂದು ಎಚ್ಚರ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು. ಎರಡು ಗಂಟೆ ಅಂತರ ಇರಲಿ. ಒಟ್ಟಿಗೆ ಹೋದರೆ ಕಬ್ಬಿಣ ಸರಿಯಾಗಿ ಹತ್ತಲ್ಲ. ಬೆಳಗ್ಗೆ ತಿಂಡಿ ಜೊತೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ಜೊತೆ ಇನ್ನೊಂದು, ರಾತ್ರಿ ಮಲಗುವ ಮುಂಚೆ ಕಬ್ಬಿಣ. ನಾನು ಹಾಗೇ ಹೇಳಿಕೊಡೋದು. ತಾಯಿಯಲ್ಲಿ ಡಿ ಕಡಿಮೆ ಇದ್ದರೆ ಹುಟ್ಟುವ ಮಗುವಿನಲ್ಲೂ ಕಡಿಮೆ ಇರುತ್ತೆ, ಹಾಗಾಗಿ ಡಾಕ್ಟರಿಗೆ ಅತ್ತೆಯ ರಿಪೋರ್ಟ್ ತೋರಿಸಿ ಕೇಳಿ. ಪರೀಕ್ಷೆ ಬೇಕೋ ಬೇಡವೋ ಅವರು ಹೇಳ್ತಾರೆ. ಮೇಷ್ಟ್ರು ಹೇಳಿದ ನೀರಿನ ಮಾತು ಮಗುವಿನ ಹಲ್ಲಿಗೂ ಸೇರಿದ್ದು, ಅದನ್ನು ಬಿಡಬೇಡಿ.

ಗೂಡಿನ ಗಾಡಿ, ಶಿಡ್ಲಘಟ್ಟ (ನಾಲ್ಕು ತಿಂಗಳ ನಂತರ)

ಇದನ್ನು ಮತ್ತೆ ಮೇಲಕ್ಕೆ ತರ್ತಾ ಇದ್ದೇನೆ. ಮೊನ್ನೆ ರಿಪೋರ್ಟ್ ಬಂತು. ಡಿ 31. ಕ್ಯಾಲ್ಸಿಯಂ 9.2. ಫಾಸ್ಫರಸ್ 3.3. ಆಲ್ಕಲೈನ್ ಫಾಸ್ಫಟೇಸ್ ಮಾತ್ರ 187. ನಡುವೆ ಒಂದೂವರೆ ತಿಂಗಳಿಗೆ ನೋಡಿದಾಗ ಅದು ಏರಿ 340 ಆಗಿತ್ತು, ನನಗೆ ಎದೆ ಧಸಕ್ ಅಂದಿತ್ತು. ಡಾಕ್ಟರು ನಕ್ಕರು. ಈಗ ಗಾರೆ ಬಂದಿದೆಯಲ್ಲ, ಕೆಲಸ ಜೋರಾಗಿ ನಡೆದಿದೆ, ಇಳಿಯೋಕೆ ತಿಂಗಳುಗಳು ಹಿಡಿಯುತ್ತೆ ಅಂದರು. (ಗಾರೆ ಮಾತು ನಾನೇ ಅವರಿಗೆ ಹೇಳಿದ್ದು, ಲ್ಯಾಬ್ ಅಕ್ಕನದು ಅಂತ.) ಪುಡಿ ಈಗ ತಿಂಗಳಿಗೊಂದು. ನೋವಿನ ಮಾತ್ರೆ ನಿಂತಿತು, ಅದರ ಹಿಂದೆಯೇ ಗ್ಯಾಸ್ ಮಾತ್ರೆಯನ್ನೂ ಅವರೇ ನಿಲ್ಲಿಸಿದರು. ಮೆಗ್ನೀಸಿಯಂ ನೋಡಿದರು, ಸರಿ ಇತ್ತು.

ಅಮ್ಮ ಗೋಡೆ ಹಿಡಿಯದೆ ಏಳುತ್ತಾಳೆ. ವಾಲುವುದು ಪೂರ್ತಿ ಹೋಗಿಲ್ಲ, ಸುಸ್ತಾದಾಗ ಕಾಣುತ್ತೆ. ಎಕ್ಸ್‌ರೇಯ ಗೆರೆ ಮಾಸಲಾಗಿದೆ, ಇನ್ನೂ ಇದೆ. ಕೋಲು ಬಿಡಬಾರದು ಅಂದಿದ್ದಾರೆ. ಅವಳು ಕೋಲನ್ನು ಹುಳದ ಮನೆ ಬಾಗಿಲಿಗೆ ಒರಗಿಸಿ ಒಳಗೆ ಹೋಗುತ್ತಾಳೆ. ಕೇಳಿದರೆ, ಹುಳ ಹೆದರುತ್ತವೆ ಅಂತಾಳೆ.

ಬಿಸಿಲಿಗೆ ಕೂರಿಸೋದು ದೊಡ್ಡ ಕಷ್ಟ ಆಗಿತ್ತು. ಸುಮ್ನೆ ಕೂರು ಅಂದರೆ ಕೂರುವವಳಲ್ಲ. ಕೊನೆಗೆ ಕೆಲಸ ಕೊಟ್ಟೆ. ಹನ್ನೊಂದೂವರೆಗೆ ಮಹಡಿ ಮೇಲೆ ಅವರೆಕಾಯಿ ಸುಲಿಯೋದು, ಸೆರಗು ಭುಜಕ್ಕೆ ಹಾಕಿ, ತೋಳು ಬಿಟ್ಟುಕೊಂಡು. ಅವರೆ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸೋದು. ನನ್ನ ಹೆಂಡತಿಯೂ ಬಾಣಂತನದ ನಡುವೆ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಬಾಣಂತಿ ಬಿಸಿಲಿಗೆ ಬರಬಾರದು ಅಂತ ಮೊದಲು ಜಗಳ ಮಾಡಿದ್ದು ಅಮ್ಮನೇ. ಹೆಣ್ಣು ಮಗು, ಚೆನ್ನಾಗಿದೆ. ಮಗುವಿಗೆ ಡಿ ಹನಿ ಬರೆದುಕೊಟ್ಟಿದ್ದಾರೆ.

ಹಾಲು ಅರ್ಧ ಲೀಟರ್ ಮನೆಗೆ. ಹದಿನೈದು ದಿನದ ಬಟವಾಡೆಯಲ್ಲಿ ಕಡಿಮೆಯಾದದ್ದನ್ನು ಅಪ್ಪ ಇನ್ನೂ ಎತ್ತಿ ಆಡುತ್ತಾರೆ. ಮಜ್ಜಿಗೆ ಮಾತ್ರ ಎರಡು ಲೋಟ ಕುಡೀತಾರೆ. ಅಮ್ಮನಿಗೆ ಮಧ್ಯಾಹ್ನ ಪೂರ್ತಿ ಮುದ್ದೆ, ಬೆಳಗ್ಗೆ ಮೊಳಕೆ ರಾಗಿ ಗಂಜಿ. ನುಗ್ಗೆಸೊಪ್ಪಿನ ಬಸ್ಸಾರು ವಾರಕ್ಕೆ ಎರಡು ಸಲ, ಮೂರನೇ ಸಲಕ್ಕೆ ನಾನೇ ಮುಖ ಸಿಂಡರಿಸುತ್ತೇನೆ.

ಮೇಷ್ಟ್ರೇ, ನೀರಲ್ಲಿ ಫ್ಲೋರೈಡ್ 1.8 ಬಂತು. ಎಸರಿಗೂ, ಟೀಗೂ, ಕುಡಿಯೋಕೂ ಈಗ ಘಟಕದ ನೀರೇ. 5 ರೂಪಾಯಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು, ದಿನಕ್ಕೆ ಎರಡು. ಖಾಲಿ ಗಾಡಿ ವಾಪಸ್ ಬರುವಾಗ ತುಂಬಿಸಿಕೊಂಡು ಬರ್ತೀನಿ. ಪಕ್ಕದ ಮನೆಯವರ ಕ್ಯಾನೂ ಸೇರಿ ಈಗ ಒಂಬತ್ತು ಆಗಿದೆ. ಅಮ್ಮನ ಎಕ್ಸ್‌ರೇಯಲ್ಲಿ ಫ್ಲೋರೈಡಿನ ಗುರುತು ಕಾಣಲಿಲ್ಲ ಅಂದರು ಡಾಕ್ಟರು.

ಲ್ಯಾಬ್ ಅಕ್ಕ, ಒಂದು ಪ್ರಶ್ನೆ ಉಳಿದಿದೆ. ಅಪ್ಪನಿಗೂ ಮಂಡಿ ನೋವು ಅಂತಾರೆ. ಅವರು ದಿನವಿಡೀ ತೋಟದ ಬಿಸಿಲಲ್ಲಿ ಇರುವವರು. ಅವರಿಗೂ ಆ ಮೂರು ಅಗ್ಗದ ಪರೀಕ್ಷೆ ಮಾಡಿಸಲಾ, ಇಲ್ಲ ಅದು ನಿಜವಾದ ಸವೆತವೇ ಇರಬಹುದಾ? ಪುರುಸೊತ್ತಾದಾಗ ಹೇಳಿ. ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿವೆ. ಸೊಪ್ಪಿನ ಹೊರೆ ಈಗ ನನ್ನ ತಲೆ ಮೇಲೆ, ಹೊರಟೆ.